ರಸ್ತೆ ಅಗೆಯದೆ ಒಳಚರಂಡಿ ರಿಪೇರಿ ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಹಳೆಯ ಒಳಚರಂಡಿ ಪೈಪುಗಳನ್ನು ರಸ್ತೆ ಅಗೆಯದೆ ಸರಿಪಡಿಸಬಹುದೇ?

ಉತ್ತರ: ಸರಿಪಡಿಸಬಹುದು, ಪೈಪು ಪೂರ್ತಿ ಕುಸಿದಿರಬಾರದು, ಇಳಿಜಾರು ಕೆಟ್ಟಿರಬಾರದು ಅಷ್ಟೆ. ಹಳೆಯ ಬಡಾವಣೆಗಳಲ್ಲಿ ಹೆಚ್ಚಾಗಿ ಇರುವುದು ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪು. ಅದರ ಜಾಯಿಂಟಿನ ಸಿಮೆಂಟು ಸಡಿಲವಾದರೆ ಸಾಕು, ಕೂದಲೆಳೆಯಂಥ ಬೇರು ನೀರಿನ ಜಾಡು ಹಿಡಿದು ಒಳನುಗ್ಗಿ, ಜಡೆಯಂತೆ ಹೆಣೆದುಕೊಂಡು ದಾರಿ ಕಟ್ಟುತ್ತದೆ.

ಮೊದಲು ನೀರಿನ ಜೆಟ್‌ನಿಂದ ಪೈಪು ತೊಳೆದು, ಕ್ಯಾಮೆರಾ ಬಿಟ್ಟು ಬಿರುಕುಗಳನ್ನು ಗುರುತಿಸುತ್ತಾರೆ. ಆಮೇಲೆ ರಾಳದಲ್ಲಿ ನೆನೆಸಿದ ಮೆತ್ತನೆಯ ಬಟ್ಟೆಯ ಕೊಳವೆಯನ್ನು ಮ್ಯಾನ್‌ಹೋಲ್‌ನಿಂದ ಒಳಗೆ ಹಾಯಿಸುತ್ತಾರೆ. ಅಂಗಿಯ ತೋಳು ಮಗುಚಿದಂತೆ, ನೀರಿನ ಒತ್ತಡಕ್ಕೆ ಅದು ಒಳಮೈ ಹೊರಗಾಗುತ್ತಾ ಸಾಗಿ ಹಳೆಯ ಪೈಪಿಗೆ ಅಂಟಿಕೊಳ್ಳುತ್ತದೆ. ಬಿಸಿನೀರು ಹರಿಸಿದಾಗ ಗಟ್ಟಿಯಾಗಿ, ಪೈಪಿನೊಳಗೆ ಜಾಯಿಂಟೇ ಇಲ್ಲದ ಹೊಸ ಪೈಪು ಸಿದ್ಧವಾಗುತ್ತದೆ. ಮುಚ್ಚಿಹೋದ ಮನೆ ಸಂಪರ್ಕಗಳನ್ನು ರೋಬಾಟ್ ಕಟ್ಟರ್ ಒಳಗಿನಿಂದಲೇ ಕೊರೆದು ತೆರೆಯುತ್ತದೆ. ಎರಿಕ್ ವುಡ್ 1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಈ ಬಟ್ಟೆ ಕೊಳವೆಯ ವಿಧಾನವನ್ನು ಮೊದಲ ಬಾರಿಗೆ ಬಳಸಿದರು.

ಪೈಪು ಕುಸಿದಿದ್ದರೆ, ಇಳಿಜಾರು ಕೆಟ್ಟಿದ್ದರೆ ಅಗೆಯಲೇಬೇಕು. ಆದರೆ ಯಾವ ಕ್ರಮವಾದರೂ ಸರಿ, ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸಲು ಬಿಡಬೇಡಿ. ಅಲ್ಲಿನ ವಿಷಾನಿಲ ಕೂಗಿಕೊಳ್ಳಲೂ ಸಮಯ ಕೊಡದೆ ಜೀವ ತೆಗೆಯುತ್ತದೆ.