ಕೆರೆಯಂಚಿನ ಹಳದಿ ಹೂ

ನಾನು ಅಧ್ಯಾಪಕನಾಗಿದ್ದಾಗ ಒಮ್ಮೆ ವಿದ್ಯಾರ್ಥಿಗಳೊಡನೆ ಬನಶಂಕರಿಯ ಸಮೀಪದ ಕೆರೆಯೊಂದಕ್ಕೆ ಹೋಗಿದ್ದೆ. ದಡದ ಕೆಸರಿನಲ್ಲಿ ಎತ್ತರದ ಗಿಡವೊಂದು ನಾಲ್ಕೆಸಳಿನ ಹಳದಿ ಹೂಗಳನ್ನು ತಳೆದು ನಿಂತಿತ್ತು. ಪುಸ್ತಕದ ಚಿತ್ರವೊಂದನ್ನು ನೆನೆದು, “ಇದು ಈವ್ನಿಂಗ್ ಪ್ರಿಮ್‌ರೋಸ್; ಸಂಜೆ ಅರಳುವ ಹೂ” ಎಂದೆ.

“ಹಾಗಾದರೆ ಈ ಬಿಸಿಲಿನಲ್ಲಿ ಏಕೆ ಅರಳಿದೆ, ಮೇಷ್ಟ್ರೇ?” ಎಂದಳು ಒಬ್ಬ ಹುಡುಗಿ. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರವು ಗಿಡದಲ್ಲಿಯೇ ಇತ್ತು. ಸಸ್ಯಗಳ ವರ್ಗೀಕರಣದಲ್ಲಿ ಕುಟುಂಬದೊಳಗೆ ಜಾತಿ, ಜಾತಿಯೊಳಗೆ ಪ್ರಭೇದ ಎಂಬ ಕ್ರಮವುಂಟು. ಈ ಎರಡು ಗಿಡಗಳೂ ಓನಾಗ್ರೇಸಿಯೀ ಕುಟುಂಬದವು. ಎರಡಕ್ಕೂ ನಾಲ್ಕು ಎಸಳು, ಎಂಟು ಕೇಸರ. ಅಂಡಾಶಯವು ಎಸಳುಗಳ ಕೆಳಗಿರುತ್ತದೆ. ಆದರೆ ಈವ್ನಿಂಗ್ ಪ್ರಿಮ್‌ರೋಸ್ ಈನೋಥೆರ ಜಾತಿಯದು. ಅದರ ಅಂಡಾಶಯದ ಮೇಲೆ ನೀಳವಾದ ನಳಿಗೆಯಿರುತ್ತದೆ. ಹೂ ಬಾಡಿದೊಡನೆ ಪುಷ್ಪಪತ್ರಗಳೂ ಉದುರುತ್ತವೆ. ಕೆರೆಯಂಚಿನ ಹೂವಿಗೆ ಆ ನಳಿಗೆಯಿಲ್ಲ. ಎಸಳುಗಳು ಉದುರಿದರೂ ನಾಲ್ಕು ಹಸುರು ಪುಷ್ಪಪತ್ರಗಳು ಕಾಯಿಯ ತುದಿಯಲ್ಲಿ ಕಿರೀಟದಂತೆ ಉಳಿಯುತ್ತವೆ. ಇದು ಲುಡ್ವಿಗಿಯ ಜಾತಿಯ ಆಕ್ಟೋವಾಲ್ವಿಸ್ ಪ್ರಭೇದ. ಲ್ಯಾಟಿನ್ನಿನ ‘ಆಕ್ಟೋ’ ಎಂದರೆ ಎಂಟು. ನೀಳವಾದ ಕಾಯಿಯ ಮೇಲೆ ಎಂಟು ಏಣುಗಳನ್ನು ಎಣಿಸಬಹುದು.

ಹೀಗೆ ಭಾವಿಸಿದವನು ನಾನೊಬ್ಬನೇ ಅಲ್ಲ. 1760ರಲ್ಲಿ ಜಾಕ್ವಿನ್ ಎಂಬ ಸಸ್ಯವಿಜ್ಞಾನಿ ಈ ಗಿಡವನ್ನು ಈನೋಥೆರ ಜಾತಿಗೇ ಸೇರಿಸಿದ್ದನು. ಇಂದಿನ ಹೆಸರನ್ನು 1962ರಲ್ಲಿ ಕೊಟ್ಟವರು ಪೀಟರ್ ರೇವನ್. ಹೂವಿನ ಬಣ್ಣವನ್ನಷ್ಟೇ ನೋಡಿ ಹೆಸರು ಹೇಳಬಾರದು, ಕಾಯಿಯನ್ನೂ ಪರೀಕ್ಷಿಸಬೇಕು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಕಿರೀಟವಿದ್ದ ಕಾಯಿಯೊಂದನ್ನು ಆ ಹುಡುಗಿಯ ಕೈಗಿತ್ತೆ.