ಟೈರ್ ಒಂದೇ ಕಡೆ ಬೋಳಾಗ್ತಿದೆಯಾ?

ರೊಳ್ಳದಿಂದ ಶಿರಾ ಕಡೆ ಹೊರಟಿದ್ದೀರಾ? ಹೈವೇ ಹತ್ತೋಕೆ ಮುಂಚೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಒಳಅಂಚು ನೋಡಿ. ಹೊರಗಿಂದ ಚೆನ್ನಾಗಿ ಕಾಣೋ ಟೈರು ಒಳಗಡೆ ಬೋಳಾಗಿರಬಹುದು.

ಎರಡೂ ಅಂಚು ಸವೆದಿದ್ರೆ ಸಾಮಾನ್ಯವಾಗಿ ಗಾಳಿ ಕಮ್ಮಿ. ನಡುಭಾಗ ಸವೆದಿದ್ರೆ ಗಾಳಿ ಜಾಸ್ತಿ. ಇದಕ್ಕೆಲ್ಲ ಅಲೈನ್‌ಮೆಂಟ್ ಅಂತ ದುಡ್ಡು ಸುರೀಬೇಡಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಟೈರ್ ತಣ್ಣಗಿದ್ದಾಗ ಅಷ್ಟೇ ಗಾಳಿ ಹೊಡೆಸಿ.

ಒಂದೇ ಅಂಚು ಸವೆದಿದೆಯಾ? ಟೋ (ಚಕ್ರ ಒಳಗೆ-ಹೊರಗೆ ತಿರುಗಿರೋ ಕೋನ) ಇಲ್ಲಾ ಕ್ಯಾಂಬರ್ (ಚಕ್ರ ವಾಲಿರೋ ಕೋನ) ತಪ್ಪಿರಬೇಕು, ಇದಕ್ಕೆ ಅಲೈನ್‌ಮೆಂಟ್ ಬೇಕು. ಟೈರ್ ಮೇಲೆ ಅಡ್ಡಡ್ಡ ಅಂಗೈ ಸವರಿ. ಹೋಗುವಾಗ ನುಣುಪು, ವಾಪಸ್ ಬರುವಾಗ ಗರಗಸದಂಗೆ ತರಚಿದ್ರೆ ಟೋ ಮೇಲೇ ಅನುಮಾನ. ತಂತಿ ಎದ್ದಿದ್ರೆ ಮಾತ್ರ ಕೈ ಇಡಬೇಡಿ! ಅಲ್ಲಲ್ಲಿ ಗುಳಿ ಬಿದ್ದಿದ್ರೆ ಶಾಕ್ ಅಬ್ಸಾರ್ಬರ್, ಬ್ಯಾಲೆನ್ಸಿಂಗ್ ನೋಡಿಸಿ.

ಅಲೈನ್‌ಮೆಂಟ್‌ಗೂ ಮುಂಚೆ ಬಾಲ್ ಜಾಯಿಂಟ್, ಟೈ ರಾಡ್, ಬುಷ್ ಚೆಕ್ ಮಾಡಿಸಲೇಬೇಕು. ಅವು ಸಡಿಲ ಇದ್ರೆ ಮೆಷಿನ್ ತೋರಿಸೋ ಅಂಕಿ ಮುಂದಿನ ಗುಂಡಿವರೆಗೆ ಅಷ್ಟೇ. ಮುಂಚಿನದು, ಆಮೇಲಿನದು, ಎರಡೂ ರೀಡಿಂಗ್ ಇರೋ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಗ್ರಿಪ್ ಆಳ 1.6 ಮಿ.ಮೀ.ಗೆ ಇಳಿದಿದ್ರೆ ಟೈರನ್ನೇ ಬದಲಾಯಿಸಿ.