ಹೊಸ ಕಾರಿನ ಆಟೊಮ್ಯಾಟಿಕ್ ಗೇರ್ ಏಕೆ ಜಗ್ಗುತ್ತದೆ?

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹೊಸ ಕಾರು ಕೊಂಡವರು ಕೆಲವೇ ತಿಂಗಳಲ್ಲಿ ಸರ್ವಿಸ್ ಸೆಂಟರಿಗೆ ಒಯ್ಯುವ ದೂರುಗಳಲ್ಲಿ, ಗೇರ್ ಬದಲಾಗುವಾಗ ಕಾರು ಜಗ್ಗುತ್ತದೆ ಎಂಬುದು ಮತ್ತೆ ಮತ್ತೆ ಕೇಳಿಬರುವಂಥದು. ಈ ಮಾದರಿಯ ಕಾರುಗಳೆಲ್ಲ ಹೀಗೆಯೇ ಎಂಬುದು ಅಲ್ಲಿ ಬಹುಮಟ್ಟಿಗೆ ಸಿಗುವ ಉತ್ತರ. ಕೆಲವು ಕಾರುಗಳ ಮಟ್ಟಿಗೆ ಈ ಉತ್ತರ ನಿಜವೇ ಆಗಿರುತ್ತದೆ, ಇನ್ನು ಕೆಲವುಗಳ ಮಟ್ಟಿಗೆ ಅದು ವಾರಂಟಿಯ ಅವಧಿಯನ್ನು ಸುಮ್ಮನೆ ಕಳೆಯಿಸುವ ಮಾತಾಗುತ್ತದೆ. ಜಗ್ಗುವಿಕೆ ಹಲವು ಕಾರಣಗಳಿಂದ ಹುಟ್ಟುವ ಲಕ್ಷಣವಾದ್ದರಿಂದ, ತಮ್ಮ ಕಾರಿನಲ್ಲಿರುವುದು ಯಾವ ಬಗೆಯ ಗೇರ್‌ಬಾಕ್ಸ್, ಅದು ಎಷ್ಟು ವೇಗದಲ್ಲಿ ಜಗ್ಗುತ್ತದೆ, ಎಂಜಿನ್ ತಣ್ಣಗಿರುವಾಗಲೋ ಕಾದ ಮೇಲೋ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಾಗಲೋ ಪೂರ್ತಿ ಬಿಟ್ಟಾಗಲೋ ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲ ಮಾಲೀಕರಿಗೆ ಮಾತ್ರ ಸರಿಯಾದ ಪರಿಹಾರ ಬೇಗ ದೊರೆಯುತ್ತದೆ.

ಭಾರತದ ಶೋರೂಮ್‌ಗಳಲ್ಲಿ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಮಾರಾಟವಾಗುವ ಗೇರ್‌ಬಾಕ್ಸ್‌ಗಳು ವಾಸ್ತವವಾಗಿ ನಾಲ್ಕು ಬೇರೆ ಬೇರೆ ಯಂತ್ರಗಳು. ಅವುಗಳಲ್ಲಿ ಅಗ್ಗವಾದ ಎಎಂಟಿ, 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ಇಲ್ಲಿನ ಸಾಮಾನ್ಯ ಗ್ರಾಹಕರ ಕೈಗೆಟುಕಿತು. ಇದು ಮೂಲತಃ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಚಾಲಕರ ಕಾಲು ಮತ್ತು ಕೈಯ ಬದಲು, ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಆಕ್ಚುಯೇಟರ್ ಎಂಬ ಚಾಲಕ ಸಾಧನ ಮಾಡುತ್ತದೆ. ಇಲ್ಲಿ ಇರುವುದು ಒಂದೇ ಕ್ಲಚ್ ಆದ್ದರಿಂದ ಪ್ರತಿ ಬಾರಿ ಗೇರ್ ಬದಲಾಗುವಾಗಲೂ ಎಂಜಿನ್ನಿನ ಶಕ್ತಿ ಚಕ್ರಗಳಿಗೆ ಹೋಗುವುದು ಕ್ಷಣಕಾಲ ನಿಲ್ಲುತ್ತದೆ, ಕಾರಿನ ವೇಗವೃದ್ಧಿ ತಟ್ಟನೆ ಕಡಿಮೆಯಾಗಿ ಒಳಗೆ ಕುಳಿತವರ ತಲೆ ಮುಂದಕ್ಕೆ ವಾಲುತ್ತದೆ, ಮುಂದಿನ ಗೇರ್ ಕೂಡಿಕೊಂಡೊಡನೆ ಹಿಂದಕ್ಕೆ ಬರುತ್ತದೆ. ಇದು ಆ ಯಂತ್ರದ ರಚನೆಯಲ್ಲೇ ಅಡಗಿರುವ ಗುಣ, ಯಾವ ರಿಪೇರಿಯಿಂದಲೂ ಪೂರ್ತಿ ಹೋಗುವಂಥದಲ್ಲ. ಗೇರ್ ಬದಲಾಗುವ ಹೊತ್ತನ್ನು ಊಹಿಸಿ ಆಕ್ಸಿಲರೇಟರಿನ ಮೇಲಿನ ಕಾಲನ್ನು ಒಂದಿಷ್ಟು ಸಡಿಲಿಸುವುದನ್ನು ರೂಢಿಸಿಕೊಂಡರೆ, ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ ಗೇರನ್ನು ತಾವೇ ಏರಿಸಿದರೆ, ಅದರ ಒರಟುತನ ಬಹಳಷ್ಟು ತಗ್ಗುತ್ತದೆ. ಎಎಂಟಿ ಕಾರು ಕೊಂಡವರಿಗೆ ಶೋರೂಮಿನಲ್ಲೇ ಇಷ್ಟನ್ನು ಹೇಳಿಕೊಟ್ಟರೆ ಸರ್ವಿಸ್ ಸೆಂಟರುಗಳ ಮುಂದಿನ ಎಷ್ಟೋ ವಾಗ್ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್‌ನ ಕಥೆ ಬೇರೆ. ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವೆ ನೇರ ಜೋಡಣೆಯಿಲ್ಲದೆ, ಎಣ್ಣೆ ತುಂಬಿದ ಕವಚದೊಳಗೆ ಎದುರುಬದುರಾಗಿ ತಿರುಗುವ ಅಲಗುಗಳ ಮೂಲಕ ಶಕ್ತಿಯನ್ನು ಸಾಗಿಸುವ ಈ ಉಪಾಯವನ್ನು ಜರ್ಮನಿಯ ಎಂಜಿನಿಯರ್ ಹರ್ಮನ್ ಫಟಿಂಗರ್ 1905ರಲ್ಲಿ ಹಡಗುಗಳಿಗಾಗಿ ರೂಪಿಸಿದ. ನಡುವೆ ಎಣ್ಣೆಯೇ ಇರುವುದರಿಂದ ನಿಂತ ಕಾರು ಹೊರಡುವಾಗ ಅದು ಸಹಜವಾಗಿಯೇ ನಯವಾಗಿರುತ್ತದೆ. ಆದರೆ ಎಣ್ಣೆಯ ಮೂಲಕ ಹಾಯುವ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ನಷ್ಟವಾಗುವುದರಿಂದ, ಕಾರು ವೇಗ ಪಡೆದ ಮೇಲೆ ಎರಡೂ ಬದಿಗಳನ್ನು ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಎಂಬ ಇನ್ನೊಂದು ಕ್ಲಚ್ಚನ್ನು ಇದರೊಳಗೆ ಸೇರಿಸಲಾಗಿದೆ. ಇಂಧನ ಉಳಿಸಬೇಕೆಂಬ ಒತ್ತಡ ಹೆಚ್ಚಿದಂತೆ ಕಂಪನಿಗಳು ಈ ಕ್ಲಚ್ಚನ್ನು ಹಿಂದಿಗಿಂತ ಕಡಿಮೆ ವೇಗದಲ್ಲೇ ಕೂಡಿಸತೊಡಗಿವೆ, ಗೇರುಗಳ ಸಂಖ್ಯೆಯನ್ನೂ ನಾಲ್ಕು ಐದರಿಂದ ಎಂಟು, ಒಂಬತ್ತು, ಹತ್ತರವರೆಗೆ ಏರಿಸಿವೆ. ಗೇರುಗಳು ಹೆಚ್ಚಿದಷ್ಟೂ ಬದಲಾವಣೆಗಳು ಹೆಚ್ಚು, ಎಂಜಿನ್ ಆದಷ್ಟು ನಿಧಾನವಾಗಿ ತಿರುಗಲೆಂದು ಕಂಪ್ಯೂಟರ್ ಮೇಲಿನ ಗೇರಿಗೆ ಬೇಗ ಬೇಗ ಏರಿಸುವುದೂ ಹೆಚ್ಚು; ಹಳೆಯ ನಾಲ್ಕು ಗೇರಿನ ಕಾರು ಓಡಿಸಿದವರಿಗೆ ಹೊಸತು ತುಸು ಒರಟೆನಿಸಲು ಇದು ಮುಖ್ಯ ಕಾರಣ.

ಈ ಗೇರ್‌ಬಾಕ್ಸ್‌ನೊಳಗೆ ಗೇರ್ ಬದಲಾಗುವುದೆಂದರೆ ಒಂದು ಕ್ಲಚ್ ಬಿಡುವುದು, ಅದೇ ಹೊತ್ತಿಗೆ ಇನ್ನೊಂದು ಹಿಡಿಯುವುದು. ಈ ಬಿಡುವ ಹಿಡಿಯುವ ಕೆಲಸವನ್ನು ಎಣ್ಣೆಯ ಒತ್ತಡ ಮಾಡುತ್ತದೆ, ಒತ್ತಡವನ್ನು ಸಾಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳು ಅಳೆದು ಬಿಡುತ್ತವೆ, ಆ ಕವಾಟಗಳಿಗೆ ಟಿಸಿಯು ಎಂದು ಕರೆಯುವ ಕಂಪ್ಯೂಟರ್ ಆಜ್ಞೆ ಕೊಡುತ್ತದೆ. ಎಲ್ಲವೂ ಸೆಕೆಂಡಿನ ಭಾಗವೊಂದರಲ್ಲಿ ಮುಗಿಯಬೇಕು. ಹಳೆಯ ಕ್ಲಚ್ ಬಿಡುವ ಮೊದಲೇ ಹೊಸದು ಹಿಡಿದರೆ ಎರಡು ಗೇರುಗಳು ಒಂದನ್ನೊಂದು ತಡೆದು ಕಾರಿಗೆ ಹಿಂದಿನಿಂದ ಯಾರೋ ಹಿಡಿದೆಳೆದ ಅನುಭವವಾಗುತ್ತದೆ. ಹಳೆಯದು ಬಿಟ್ಟ ಮೇಲೂ ಹೊಸದು ಹಿಡಿಯದಿದ್ದರೆ ಎಂಜಿನ್ ಒಮ್ಮೆಲೇ ಭೋರೆಂದು ಆರ್‌ಪಿಎಂ ಮುಳ್ಳು ಜಿಗಿದು, ಆಮೇಲೆ ಧಡ್ಡನೆ ಹೊಡೆತ ಬೀಳುತ್ತದೆ. ಇವೆರಡೂ ಪರಸ್ಪರ ವಿರುದ್ಧವಾದ ದೋಷಗಳು. ಜಗ್ಗುವ ಮುನ್ನ ಆರ್‌ಪಿಎಂ ಮುಳ್ಳು ಏರಿತೆ ಇಲ್ಲವೆ ಎಂಬ ಚಿಕ್ಕ ವಿವರವನ್ನು ಮಾಲೀಕರು ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಹಗುರಾಗುವುದು ಈ ಕಾರಣದಿಂದಲೇ.

ಯಾವ ಎರಡು ಗೇರ್‌ಬಾಕ್ಸ್‌ಗಳೂ ತದ್ರೂಪಿಯಾಗಿರುವುದಿಲ್ಲ. ಒಂದರ ಕ್ಲಚ್ ಫಲಕಗಳ ನಡುವಣ ಅಂತರ ಇನ್ನೊಂದರದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಆದ್ದರಿಂದ ಟಿಸಿಯು ಪ್ರತಿ ಬದಲಾವಣೆಯನ್ನೂ ಅಳೆದು, ಯಾವ ಕ್ಲಚ್ಚಿಗೆ ಎಷ್ಟು ಹೊತ್ತು ಎಷ್ಟು ಒತ್ತಡ ಬೇಕೆಂಬುದನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಅಡಾಪ್ಟೇಶನ್ ಎನ್ನುವ ಈ ಕಲಿಕೆ ಹೊಸ ಕಾರಿನಲ್ಲಿ ಇನ್ನೂ ಪೂರ್ತಿಯಾಗಿರದಿರಬಹುದು, ಸಾಫ್ಟ್‌ವೇರ್ ಬದಲಾಯಿಸಿದಾಗ ಅಥವಾ ಗೇರ್‌ಬಾಕ್ಸ್ ರಿಪೇರಿಯಾದಾಗ ಅಳಿಸಿಹೋಗಬಹುದು. ಕಂಪನಿ ಹೇಳಿದ ಕ್ರಮದಲ್ಲಿ, ಎಣ್ಣೆ ನಿಗದಿತ ಉಷ್ಣಾಂಶಕ್ಕೆ ಬಂದಿರುವಾಗ, ಪ್ರತಿಯೊಂದು ಗೇರಿನಲ್ಲೂ ಓಡಿಸಿ ಅದನ್ನು ಮರಳಿ ಕಲಿಸಬೇಕಾಗುತ್ತದೆ. ಸಾಫ್ಟ್‌ವೇರ್ ಹಾಕಿ ಈ ಕ್ರಮವನ್ನು ಕೈಬಿಟ್ಟು ಕಾರನ್ನು ಹಿಂದಿರುಗಿಸಿದರೆ ಅದು ಮೊದಲಿಗಿಂತ ಹೆಚ್ಚು ಜಗ್ಗುವುದುಂಟು. ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರುವ ಒರಟುತನಕ್ಕೆ ಗಾಬರಿಪಡಬೇಕಾಗಿಲ್ಲ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವುದನ್ನು ಸಹಿಸಬೇಕಾಗಿಯೂ ಇಲ್ಲ.

ಎಲ್ಲ ದೋಷವನ್ನೂ ಸಾಫ್ಟ್‌ವೇರಿನ ತಲೆಗೆ ಕಟ್ಟುವ ಪ್ರವೃತ್ತಿ ಈಗ ಬೆಳೆದಿರುವುದರಿಂದ, ಎಣ್ಣೆಯೊಂದೇ ಕಾರಣವಾಗಿದ್ದ ಒಂದು ಪ್ರಕರಣವನ್ನು ತುಸು ವಿವರವಾಗಿ ನೋಡುವುದು ಉಚಿತ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 2015ರ ಮಾದರಿಗಳಿಂದ ತನ್ನ ಪಿಕಪ್ ಟ್ರಕ್ಕು ಮತ್ತು ಕಾರುಗಳಲ್ಲಿ ಎಂಟು ಗೇರಿನ ಹೊಸ ಗೇರ್‌ಬಾಕ್ಸನ್ನು ಅಳವಡಿಸತೊಡಗಿತು. ಗಂಟೆಗೆ ಸುಮಾರು 50ರಿಂದ 100 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರನ್ನು ಹಗುರಾಗಿ ಒತ್ತಿ ಸಾಗುವಾಗ, ರಸ್ತೆಗೆ ಅಡ್ಡಲಾಗಿ ಸಾಲಾಗಿ ಹಾಕಿದ ಸಣ್ಣ ಉಬ್ಬುಗಳ ಮೇಲೆ ಹಾದುಹೋದಂತೆ ವಾಹನವೆಲ್ಲ ನಡುಗುತ್ತದೆಂದು ದೂರುಗಳು ಬರತೊಡಗಿದವು. ವಿಶೇಷವೆಂದರೆ ಈ ನಡುಕ ಗೇರ್ ಬದಲಾಗದೆ ಒಂದೇ ಗೇರಿನಲ್ಲಿ ಸಾಗುವಾಗಲೇ ಕಾಣಿಸಿಕೊಳ್ಳುತ್ತಿತ್ತು. ದೋಷವಿದ್ದದ್ದು ಲಾಕಪ್ ಕ್ಲಚ್ಚಿನಲ್ಲಿ ಎಂಬುದಕ್ಕೆ ಅದೇ ಸುಳಿವು. ಗೇರ್‌ಬಾಕ್ಸಿಗೆ ಹಾಕಿದ್ದ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಿತ್ತು, ತೇವ ಸೇರಿದ ಎಣ್ಣೆಯಲ್ಲಿ ಕ್ಲಚ್ ಫಲಕಗಳು ಒಂದೇ ಸಮ ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಂಪಿಸುತ್ತಿದ್ದವು. 2019ರಲ್ಲಿ ಕಂಪನಿ ತನ್ನ ಡೀಲರುಗಳಿಗೆ ಕಳಿಸಿದ ತಾಂತ್ರಿಕ ಸೂಚನೆಯಲ್ಲಿ ಹಳೆಯ ಎಣ್ಣೆಯನ್ನು ಪೂರ್ತಿ ತೊಳೆದು ಹೊರಹಾಕಿ ಬೇರೆ ಸಂಯೋಜನೆಯ ಎಣ್ಣೆ ತುಂಬಲು ತಿಳಿಸಿತು. ಅಷ್ಟು ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಕಾರು ಹೊಸದೆಂಬ ಕಾರಣಕ್ಕೆ ಎಣ್ಣೆಯ ಮೇಲೆ ಅನುಮಾನ ಬೇಡ ಎನ್ನುವವರಿಗೆ ಈ ಪ್ರಕರಣ ತಕ್ಕ ಉತ್ತರ.

ಎಣ್ಣೆಯ ಮಟ್ಟ ನೋಡುವುದೂ ಈಗ ಮೊದಲಿನಷ್ಟು ಸುಲಭವಲ್ಲ. ಹೆಚ್ಚಿನ ಹೊಸ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯನ್ನೇ ತೆಗೆದುಹಾಕಲಾಗಿದೆ. ಕಾರನ್ನು ಸಮತಟ್ಟಾಗಿ ಮೇಲೆತ್ತಿ, ಎಂಜಿನ್ ಚಾಲೂ ಇಟ್ಟು, ಎಣ್ಣೆಯ ಉಷ್ಣಾಂಶವನ್ನು ಸ್ಕ್ಯಾನರಿನಲ್ಲಿ ನೋಡುತ್ತ, ಅದು ಕಂಪನಿ ಹೇಳಿದ ಮಿತಿಯೊಳಗಿರುವಾಗಲೇ ತಳದ ಬಿರಡೆ ಬಿಚ್ಚಿ ನೋಡಬೇಕು. ಈ ತೊಂದರೆಗೆ ಬೇಸತ್ತು ಪರೀಕ್ಷೆಯನ್ನೇ ಬಿಟ್ಟುಬಿಡುವ ಗ್ಯಾರೇಜುಗಳಿವೆ. ಕೆಲವು ಕಾರು ಕಂಪನಿಗಳು ಈ ಎಣ್ಣೆಯನ್ನು ಬದಲಾಯಿಸುವ ಅಗತ್ಯವೇ ಇಲ್ಲವೆಂದು ಹೇಳಿದರೂ, ಹಲವು ದುಬಾರಿ ಕಾರುಗಳ ಎಂಟು ಗೇರಿನ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಸಲಹೆ ಕೊಡುತ್ತದೆ. ಯಂತ್ರವನ್ನು ಮಾಡಿದವರ ಮಾತಿಗೇ ಇಲ್ಲಿ ಹೆಚ್ಚು ಬೆಲೆ ಕೊಡಬೇಕು.

ಮೂರನೆಯ ಬಗೆಯದಾದ ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿದ್ದು, ಒಂದು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮ ಸಂಖ್ಯೆಯವನ್ನೂ ನಿರ್ವಹಿಸುತ್ತದೆ; ಮುಂದಿನ ಗೇರನ್ನು ಮೊದಲೇ ಸಿದ್ಧವಾಗಿಡುವುದರಿಂದ ಹೆದ್ದಾರಿಯಲ್ಲಿ ಅದರ ಬದಲಾವಣೆ ಗೊತ್ತೇ ಆಗುವುದಿಲ್ಲ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಕಡೆ ಕಾರುಗಳು ಒಂದೊಂದೇ ಅಡಿ ಮುಂದೆ ಸರಿಯುವಾಗ, ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ತಾಳಿಕೊಳ್ಳುವ ಜಾರುವಿಕೆಯನ್ನು ಇಲ್ಲಿ ಕ್ಲಚ್ ಫಲಕಗಳೇ ಹೊರಬೇಕಾಗುತ್ತದೆ. ಎಣ್ಣೆಯ ತಂಪಿಲ್ಲದ ಒಣ ಕ್ಲಚ್ಚಿನ ಡಿಸಿಟಿಯಾದರೆ ಅದು ಬೇಗ ಕಾದು ನಡುಗತೊಡಗುತ್ತದೆ. ಬ್ರೇಕನ್ನು ಅರ್ಧಂಬರ್ಧ ಹಿಡಿದು ತೆವಳುವುದಕ್ಕಿಂತ ಪೂರ್ತಿ ಒತ್ತಿ ನಿಂತು, ಮುಂದೆ ಒಂದಷ್ಟು ಜಾಗ ತೆರವಾದ ಮೇಲೆ ಒಮ್ಮೆಗೇ ಸಾಗುವುದು, ಏರಿನಲ್ಲಿ ಆಕ್ಸಿಲರೇಟರಿನ ಬಲದಿಂದ ಕಾರನ್ನು ನಿಲ್ಲಿಸಿಕೊಳ್ಳದೆ ಬ್ರೇಕ್ ಹಿಡಿಯುವುದು ಇಂಥ ಕಾರಿಗೂ ಎಎಂಟಿಗೂ ಅತ್ಯಗತ್ಯವಾದ ಅಭ್ಯಾಸ. ನಾಲ್ಕನೆಯದಾದ ಸಿವಿಟಿಯಲ್ಲಿ ಮೆಟ್ಟಿಲುಗಳಂಥ ಗೇರುಗಳೇ ಇಲ್ಲದೆ, ಎರಡು ರಾಟೆಗಳ ನಡುವಣ ಉಕ್ಕಿನ ಬೆಲ್ಟ್ ಅನುಪಾತವನ್ನು ಒಂದೇ ಸಮನೆ ಬದಲಿಸುವುದರಿಂದ, ಅದು ಜಗ್ಗಿದರೆ ಅದನ್ನು ಸಹಜವೆಂದು ಒಪ್ಪಲು ಕಾರಣವೇ ಇಲ್ಲ.

ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಕಾರು ಮೂರನೆಯ ಮತ್ತು ನಾಲ್ಕನೆಯ ಗೇರುಗಳ ನಡುವೆ ಏರುತ್ತ ಇಳಿಯುತ್ತ ತೊಳಲಾಡುವುದು ಬಹುತೇಕ ದೋಷವಲ್ಲ. ತಿರುವಿನಲ್ಲಿ ಕಾಲು ತೆಗೆದೊಡನೆ ಕಂಪ್ಯೂಟರ್ ಗೇರ್ ಏರಿಸುತ್ತದೆ, ತಿರುವು ಮುಗಿದು ಮತ್ತೆ ಏರು ಬಂದಾಗ ಇಳಿಸಬೇಕಾಗುತ್ತದೆ. ಸ್ಪೋರ್ಟ್ ಅಥವಾ ಮ್ಯಾನುಯಲ್ ಮೋಡ್‌ನಲ್ಲಿ ಕೆಳಗಿನ ಗೇರನ್ನು ಹಿಡಿದಿಟ್ಟರೆ ಆ ತೊಳಲಾಟ ನಿಲ್ಲುತ್ತದೆ, ಇಳಿಜಾರಿನಲ್ಲಿ ಬ್ರೇಕೂ ಕಾಯದೆ ಉಳಿಯುತ್ತದೆ.

ಗೇರ್‌ಬಾಕ್ಸ್ ನಿರ್ದೋಷಿಯಾಗಿದ್ದು ಆಪಾದನೆ ಮಾತ್ರ ಅದರ ಮೇಲೆ ಬರುವ ಸಂದರ್ಭಗಳೂ ಇವೆ. ಎಂಜಿನ್ನನ್ನು ಹೊತ್ತು ನಿಲ್ಲಿಸುವ ರಬ್ಬರ್ ಮೌಂಟಿಂಗ್ ಸಡಿಲವಾಗಿದ್ದರೆ, ಎಂಜಿನ್ನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ಬ್ಯಾಟರಿಯ ವೋಲ್ಟೇಜ್ ಕುಸಿದಿದ್ದರೆ, ಚಕ್ರದ ವೇಗ ತಿಳಿಸುವ ಸೆನ್ಸರ್ ತಪ್ಪು ಸಂಕೇತ ಕೊಡುತ್ತಿದ್ದರೆ, ಕುಳಿತವರಿಗೆ ಆಗುವ ಅನುಭವ ಬಹುಪಾಲು ಅದೇ.

ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಮಾಲೀಕರು ಒಂದು ವಾರ ಕಾಲ ಜಗ್ಗಿದ ಪ್ರತಿ ಸಂದರ್ಭವನ್ನೂ ಬರೆದಿಡುವುದು, ಪಕ್ಕದಲ್ಲಿ ಕುಳಿತವರಿಂದ ಸ್ಪೀಡೋಮೀಟರ್ ಮತ್ತು ಆರ್‌ಪಿಎಂ ಮುಳ್ಳು ಕಾಣುವಂತೆ ವಿಡಿಯೊ ಮಾಡಿಸುವುದು ಬಹಳ ಉಪಯುಕ್ತ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಮಾತ್ರ ಜಗ್ಗುವ ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಮರುದಿನ ಮೊದಲ ಸಲ ಸ್ಟಾರ್ಟ್ ಮಾಡುವಾಗ ಮೆಕ್ಯಾನಿಕ್ ಜೊತೆಗೇ ಇರಬೇಕು. ಮಧ್ಯಾಹ್ನ ಕಾದ ಕಾರನ್ನು ಓಡಿಸಿ ದೋಷ ಕಾಣಲಿಲ್ಲವೆಂದು ಬರೆದರೆ ಆ ಬರಹಕ್ಕೆ ಅರ್ಥವಿಲ್ಲ. ಸ್ಕ್ಯಾನರ್ ಹಾಕಿದಾಗ ಸಿಗುವ ದೋಷ ಸಂಕೇತಗಳನ್ನು ಅಳಿಸುವ ಮೊದಲು ಅವುಗಳ ಪ್ರತಿ ಪಡೆಯಬೇಕು: ಪಿ0730 ಎಂದರೆ ಗೇರಿನ ಅನುಪಾತ ತಪ್ಪಿದೆ, ಪಿ0741 ಎಂದರೆ ಲಾಕಪ್ ಕ್ಲಚ್ ಸರಿಯಾಗಿ ಕೂಡುತ್ತಿಲ್ಲ ಎಂದು ಕಂಪ್ಯೂಟರೇ ಹೇಳಿದಂತೆ. ಜಾಬ್ ಕಾರ್ಡಿನಲ್ಲಿ ಜರ್ಕ್ ಎಂಬ ಒಂದೇ ಪದ ಬರೆದು ಮುಗಿಸಲು ಬಿಡದೆ, ದೂರನ್ನು ವೇಗ ಮತ್ತು ಸಂದರ್ಭಗಳ ಸಮೇತ ಬರೆಯಿಸಬೇಕು. ಎಲ್ಲ ಕಾರುಗಳೂ ಹೀಗೆಯೇ ಎಂಬ ಉತ್ತರ ಬಂದರೆ, ಅದೇ ಮಾದರಿಯ ಅದೇ ಎಂಜಿನ್ನಿನ ಡೆಮೊ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ತೋರಿಸುವಂತೆ ಕೇಳುವ ಹಕ್ಕನ್ನು ಮಾಲೀಕರು ಸಂಕೋಚವಿಲ್ಲದೆ ಬಳಸಬೇಕು.

ಪದೇ ಪದೇ ರಿಪೇರಿಯಾದರೂ ಸರಿಹೋಗದ ಹೊಸ ಕಾರನ್ನು ಕಂಪನಿಯೇ ಮರಳಿ ಪಡೆಯಬೇಕೆನ್ನುವ ಪ್ರತ್ಯೇಕ ಕಾಯ್ದೆಗಳು ಅಮೆರಿಕದ ರಾಜ್ಯಗಳಲ್ಲಿವೆ, ಭಾರತದಲ್ಲಿಲ್ಲ. ಇಲ್ಲಿ ಅಂಥ ಮಾಲೀಕರಿಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು ಫಲ ಸಿಗದಿದ್ದರೆ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, 50 ಲಕ್ಷ ರೂಪಾಯಿವರೆಗಿನ ಬೆಲೆ ತೆತ್ತ ಕಾರಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ತಯಾರಿಕೆಯ ದೋಷವೆಂದು ಸಾಧಿಸುವುದಕ್ಕೆ ತಜ್ಞರ ಅಭಿಪ್ರಾಯ ಸಾಮಾನ್ಯವಾಗಿ ಬೇಕಾಗುತ್ತದೆ. ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದಿದ್ದರೆ ಸರಕನ್ನು ತಕ್ಕ ಪ್ರಯೋಗಾಲಯದ ಪರಿಶೀಲನೆಗೆ ಒಪ್ಪಿಸಲು ಅದೇ ಕಾಯ್ದೆಯ 38ನೆಯ ಕಲಮಿನಲ್ಲಿ ಅವಕಾಶವಿದೆ. ದೋಷ ವಾರಂಟಿಯೊಳಗೇ ಕಾಣಿಸಿಕೊಂಡಿತ್ತು, ಎಷ್ಟು ಸಲ ತೋರಿಸಿದರೂ ಹೋಗಲಿಲ್ಲ ಎಂಬುದಕ್ಕೆ ದಿನಾಂಕ ಮತ್ತು ಕಿಲೋಮೀಟರ್ ನಮೂದಿಸಿದ ಜಾಬ್ ಕಾರ್ಡುಗಳೇ ಅಲ್ಲಿ ಆಧಾರವಾಗುವುದರಿಂದ, ವಾರಂಟಿಯಡಿ ಬಿಲ್ಲಿಲ್ಲದೆ ನಡೆದ ಕೆಲಸಕ್ಕೂ ಒಂದೊಂದು ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು.